ಕರ್ನಾಟಕದಲ್ಲಿ ತಾಂತ್ರಿಕ ಮತ್ತು ವೃತ್ತಿ ಶಿಕ್ಷಣ

ಒಂದು ಕಸುಬು ಮಾಡಿ ಬದುಕಲು ಬೇಕಾದ ಕೈಚಳಕವನ್ನೂ ಅದರ ಹಿಂದಿನ ಲೆಕ್ಕ, ಅಳತೆ, ತಿಳಿವಳಿಕೆಗಳನ್ನೂ ಕ್ರಮವಾಗಿ ಕಲಿಸುವುದು ವೃತ್ತಿ ಶಿಕ್ಷಣ. ಯಂತ್ರ, ಕಟ್ಟಡ, ವಿದ್ಯುತ್ತು, ನೇಯ್ಗೆ, ಮುದ್ರಣ ಮೊದಲಾದ ಕ್ಷೇತ್ರಗಳಿಗೆ ಮೇಲ್ವಿಚಾರಕರನ್ನೂ ಎಂಜಿನಿಯರುಗಳನ್ನೂ ತಯಾರು ಮಾಡುವುದು ತಾಂತ್ರಿಕ ಶಿಕ್ಷಣ. ಇವೆರಡರ ನಡುವಿನ ಗೆರೆ ಇಲಾಖೆಗಳ ಕಡತದಲ್ಲಿ ಇರುವಷ್ಟು ಗಟ್ಟಿಯಾಗಿ ಕಾರ್ಖಾನೆಯೊಳಗೆ ಇರುವುದಿಲ್ಲ. ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರು ಒಂದು ಅಥವಾ ಎರಡು ವರ್ಷದ ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ, ಸೇರಬಹುದು. ಕೆಲವು ಟ್ರೇಡುಗಳಿಗೆ ಎಂಟನೇ ತರಗತಿ ಪಾಸಾದರೂ ಸಾಕು. ಮೂರು ವರ್ಷದ ಡಿಪ್ಲೊಮಾಕ್ಕೆ ಪಾಲಿಟೆಕ್ನಿಕ್ ಇದೆ. ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೂ, ಡಿಪ್ಲೊಮಾ ಮಾಡಿದವರು ಬಿ.ಇ. ಎರಡನೇ ವರ್ಷಕ್ಕೂ ನೇರವಾಗಿ ಹತ್ತಬಹುದು. ಇವಲ್ಲದೆ ಅಪ್ರೆಂಟಿಸ್ ತರಬೇತಿ, ಪ್ರೌಢಶಾಲೆಯ ವೃತ್ತಿ ವಿಷಯಗಳು, ಕೆಲವು ವಾರಗಳ ಅಲ್ಪಾವಧಿ ಕೋರ್ಸುಗಳು ಉಂಟು. ಯಾವ ಹಾಜರಿ ಪುಸ್ತಕಕ್ಕೂ ಸೇರದ ಗ್ಯಾರೇಜು, ರೀವೈಂಡಿಂಗ್ ಅಂಗಡಿ, ಗಾರೆ ಕೆಲಸದ ಜಾಗಗಳಲ್ಲಿ ಕಲಿಯುವವರ ಸಂಖ್ಯೆ ಮಾತ್ರ ಇವೆಲ್ಲಕ್ಕಿಂತ ದೊಡ್ಡದು.

ರಾಜ್ಯದ ನೂರೈವತ್ತಕ್ಕೂ ಹೆಚ್ಚು ವರ್ಷಗಳ ಅನುಭವವನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಕಲಿಯುವ ಜಾಗ ದುಡಿಯುವ ಜಾಗಕ್ಕೆ ಅಂಟಿಕೊಂಡಿದ್ದಾಗಲೆಲ್ಲ ವೃತ್ತಿ ಶಿಕ್ಷಣ ಬೇರು ಬಿಟ್ಟಿದೆ. ಅಲ್ಲಿಂದ ಕಿತ್ತು ತರಗತಿಯ ಕೋಣೆಗೆ ತಂದಾಗ ಒಣಗಿದೆ.

ಅರದ ಪಾಠ

ಫಿಟ್ಟರ್ ಟ್ರೇಡಿಗೆ ಸೇರಿದ ಹುಡುಗ ಮೊದಲ ತಿಂಗಳುಗಳಲ್ಲಿ ಮಾಡುವ ಕೆಲಸ ಅರ ಉಜ್ಜುವುದು. ಮೊಣಕೈ ಎತ್ತರಕ್ಕೆ ಬಿಗಿದ ವೈಸಿನಲ್ಲಿ ಒಂದು ಕಬ್ಬಿಣದ ತುಂಡು. ಬಲಗೈಯಲ್ಲಿ ಅರದ ಹಿಡಿ, ಎಡಗೈ ಅದರ ತುದಿಯ ಮೇಲೆ. ಮುಂದೆ ತಳ್ಳುವಾಗ ಮಾತ್ರ ಅರ ಲೋಹ ಕೊರೆಯುತ್ತದೆ, ಹಿಂದೆ ಎಳೆಯುವಾಗ ಭಾರ ಬಿಡಬೇಕು. ಹೊಸಬರ ಕೈ ತೊಟ್ಟಿಲಿನಂತೆ ತೂಗುತ್ತದೆ. ಅಂಚುಗಳು ಸವೆದು ತುಂಡಿನ ನಡು ಆಮೆಯ ಬೆನ್ನಿನಂತೆ ಉಬ್ಬಿಕೊಳ್ಳುತ್ತದೆ. ಹುಡುಗ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾನೆ. ಸ್ಕ್ವೇರಿನ ಅಲಗಿನಡಿ ಬೆಳಕಿನ ಒಂದೆಳೆ ಕಂಡರೆ ಮತ್ತೆ ಉಜ್ಜಬೇಕು. ಅರದ ಹಲ್ಲಿಗೆ ಚೂರು ಸಿಕ್ಕಿಕೊಂಡು ಗೀರು ಬೀಳದಿರಲೆಂದು ಸೀಮೆಸುಣ್ಣ ತಿಕ್ಕಬೇಕು, ತಂತಿ ಬ್ರಷ್ಷಿನಿಂದ ಹಲ್ಲು ಬಿಡಿಸಬೇಕು. ಅವನ ಕೈಯಲ್ಲಿರುವ ವರ್ನಿಯರ್ ಕ್ಯಾಲಿಪರ್ 0.02 ಮಿಲಿಮೀಟರ್‌ವರೆಗೆ ಅಳೆಯುತ್ತದೆ. ಅದು ಕೂದಲೆಳೆಗಿಂತಲೂ ತೆಳು.

ಸಾಣೆ ಯಂತ್ರ ಇರುವ ಕಾಲದಲ್ಲಿ ಇಷ್ಟು ಕಷ್ಟ ಏಕೆಂದು ಕೇಳುವವರಿದ್ದಾರೆ. ನೇರ ಎಂದರೇನು, ಸಮ ಎಂದರೇನು, ಅಳತೆ ತಪ್ಪಿದ ಮೇಲೆ ತೆಗೆದ ಲೋಹ ಮತ್ತೆ ಅಂಟುವುದಿಲ್ಲ ಎಂದರೇನು ಎಂಬುದು ಮೈಗೆ ತಿಳಿಯುವುದು ಇಲ್ಲಿಯೇ. ಮುಂದೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದ ಎದುರು ನಿಂತಾಗ ಪರದೆಯ ಮೇಲಿನ ಅಂಕಿ ತಪ್ಪೆಂದು ಅನುಮಾನ ಹುಟ್ಟಬೇಕಾದರೆ ಈ ತಿಳಿವು ಒಳಗೆ ಇರಬೇಕು. ಒಳ್ಳೆಯ ಬೋಧಕ ಬೆನ್ನು ತಿರುಗಿಸಿ ನಿಂತಿದ್ದರೂ ಅರದ ಸದ್ದು ಕೇಳಿಯೇ ಯಾರ ಕೈ ತಪ್ಪಿತೆಂದು ಹೇಳುತ್ತಾನೆ, ಹತ್ತಿರ ಬಂದು ಭುಜ ಹಿಡಿದು ತಿದ್ದುತ್ತಾನೆ. ಇಪ್ಪತ್ತು ಮಂದಿಯ ತಂಡಕ್ಕೆ ಅಂಥ ಒಬ್ಬ ಬೋಧಕ ಇದ್ದಾನೆಯೇ ಎಂಬುದರ ಮೇಲೆ ಸಂಸ್ಥೆಯ ಹಣೆಬರಹ ನಿಂತಿದೆ.

ಮನೆಯ ಕುಲುಮೆಯಿಂದ ಮಿಷನ್ನಿನ ಕಾರ್ಖಾನೆಗೆ

ಶಾಲೆಗಳು ಬರುವ ಮೊದಲೂ ಕಸುಬಿನ ಕಲಿಕೆ ಇತ್ತು, ಬಹಳ ಚೆನ್ನಾಗಿಯೇ ಇತ್ತು. ಕಮ್ಮಾರರ ಮನೆಯ ಹುಡುಗ ತಿದಿ ಒತ್ತುತ್ತಲೇ ಕಾದ ಕಬ್ಬಿಣದ ಬಣ್ಣ ನೋಡಿ ಹದ ಅರಿಯುತ್ತಿದ್ದ. ಸಾಗರ, ಸೊರಬದ ಗುಡಿಗಾರರು ಗಂಧ ಕೆತ್ತುವುದನ್ನು, ಇಳಕಲ್ಲಿನ ನೇಕಾರರು ಕುಣಿಮಗ್ಗದಲ್ಲಿ ಸೆರಗು ಕೂಡಿಸುವುದನ್ನು ಹೀಗೆಯೇ ತಲೆಮಾರಿನಿಂದ ತಲೆಮಾರಿಗೆ ದಾಟಿಸಿದರು. ಆ ಪದ್ಧತಿಗೆ ಇದ್ದ ದೊಡ್ಡ ದೋಷ ಅದರ ಬಾಗಿಲಿನದು. ಹುಟ್ಟು ಯಾವ ಮನೆಯಲ್ಲೋ ಕಸುಬು ಅದೇ. ಬೇರೆ ಮನೆಯವರಿಗೆ ಪ್ರವೇಶವಿಲ್ಲ, ಒಳಗಿದ್ದವರಿಗೆ ಬಿಡುಗಡೆಯಿಲ್ಲ. ಐಟಿಐಯನ್ನು ಎಷ್ಟೇ ಟೀಕಿಸಿದರೂ ಅದು ಮಾಡಿದ ಈ ಒಂದು ಕೆಲಸವನ್ನು ಮರೆಯಬಾರದು: ಕಮ್ಮಾರರ ಮಗನ ಪಕ್ಕದ ವೈಸಿನಲ್ಲಿ ಜೀತದ ಮನೆಯಿಂದ ಬಂದ ಹುಡುಗನೂ ನಿಂತು ಅದೇ ಅರ ಹಿಡಿದ.

ಆಧುನಿಕ ರೂಪದ ವೃತ್ತಿ ತರಬೇತಿ ನಮ್ಮಲ್ಲಿ ಕರಾವಳಿಯಿಂದ ಶುರುವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಒಂದು ಇಕ್ಕಟ್ಟು ಎದುರಾಯಿತು. ಮತಾಂತರವಾದವರು ಜಾತಿಯ ಜೊತೆಗೆ ಜಾತಿಯ ಕಸುಬನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಅನ್ನದ ದಾರಿ ಬೇಕಿತ್ತು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ, ಯಂತ್ರಗಳ ದುರಸ್ತಿಯ ಕಾರ್ಯಾಗಾರ ಹೀಗೆ ಒಂದೊಂದೇ ಉದ್ಯಮ ಹುಟ್ಟಿತು. ಖಾಕಿ ಬಣ್ಣವನ್ನು ರೂಢಿಗೆ ತಂದ ಹಿರಿಮೆ ಮಂಗಳೂರಿನ ಈ ನೇಯ್ಗೆ ಕೇಂದ್ರದ ಜಾನ್ ಹಾಲರ್ ಅವರಿಗೆ ಸಲ್ಲುತ್ತದೆ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ನದಿಯ ಜೇಡಿ ಸುಟ್ಟು ಮಾಡಿದ ಮಂಗಳೂರು ಹೆಂಚು ದೇಶದಾಚೆಗೂ ಹೋಯಿತು. ಇವು ಶಾಲೆಗಳಲ್ಲ, ಮಾಲು ಮಾರಿ ನಡೆಯಬೇಕಾಗಿದ್ದ ಕಾರ್ಖಾನೆಗಳು. ಕಲಿಯುವವನ ತಪ್ಪು ಅಂದೇ ನಷ್ಟದ ಲೆಕ್ಕಕ್ಕೆ ಬರುತ್ತಿತ್ತು, ಸರಿ ಮಾಡಿದ್ದು ಕೂಲಿಯಾಗಿ ಕೈಸೇರುತ್ತಿತ್ತು. 1894ರಲ್ಲಿ ಹೊರಬಂದ ಕಿಟೆಲ್ ನಿಘಂಟು ಇಲ್ಲಿಯ ಮುದ್ರಣಾಲಯದಲ್ಲೇ ಅಚ್ಚಾಯಿತು. ಆ ಬೃಹತ್ ಗ್ರಂಥದ ಮೊಳೆ ಜೋಡಿಸಿದ ಕೈಗಳೂ ಕನ್ನಡದ ವೃತ್ತಿ ಶಿಕ್ಷಣದ ಚರಿತ್ರೆಗೆ ಸೇರಿದವು.

ಮೈಸೂರು ಸಂಸ್ಥಾನದಲ್ಲಿ ಆಸಕ್ತಿ ವಹಿಸಿದ್ದು ಅರಮನೆ ಮತ್ತು ಆಡಳಿತ. ಮುಂದೆ ಐದನೇ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರ 1906ರಲ್ಲಿ ಶಂಕುಸ್ಥಾಪನೆ ಮಾಡಿದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಮರಗೆಲಸ, ಬೀಟೆಯ ಕೂಡುಗೆಲಸ, ಚಿತ್ರಕಲೆಗಳನ್ನು ಒಂದೇ ಸೂರಿನಡಿ ತಂದಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕೈಗಾರಿಕೆ ಮತ್ತು ಶಿಕ್ಷಣ ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದರು. ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು 1917ರಲ್ಲಿ ಶುರುವಾದದ್ದು ಅವರ ಕಾಲದಲ್ಲೇ. ನೇಯ್ಗೆಯ ತಂತ್ರಕ್ಕೆಂದೇ ಕೃಷ್ಣರಾಜೇಂದ್ರ ರಜತ ಮಹೋತ್ಸವ ತಾಂತ್ರಿಕ ಸಂಸ್ಥೆ 1938ರಲ್ಲಿ ಬಂತು.

ಈ ಸಾಲಿನಲ್ಲಿ ಸ್ವಲ್ಪ ನಿಂತು ನೋಡಬೇಕಾದದ್ದು 1943ರಲ್ಲಿ ಶ್ರೀ ಜಯಚಾಮರಾಜೇಂದ್ರ ವೃತ್ತಿ ಸಂಸ್ಥೆಯಾಗಿ ಆರಂಭಗೊಂಡು ಇಂದು ಎಸ್‌ಜೆಪಿ ಎಂದೇ ಕರೆಯಲ್ಪಡುವ ಬೆಂಗಳೂರಿನ ಪಾಲಿಟೆಕ್ನಿಕ್. ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಸೇವೆಗೆ ತಮಗೆ ಸಲ್ಲಬೇಕಾಗಿದ್ದ ಹಣವನ್ನು ವಿಶ್ವೇಶ್ವರಯ್ಯನವರು ಇದಕ್ಕೆ ಬಿಟ್ಟುಕೊಟ್ಟರು, ತಮ್ಮ ಹೆಸರಿಡಲು ಒಪ್ಪದೆ ಮಹಾರಾಜರ ಹೆಸರಿಡಿಸಿದರು ಎಂಬ ಮಾತು ಪ್ರಸಿದ್ಧ. ಆ ಕಾಲಕ್ಕೆ ಬಹು ಅಪರೂಪವಾಗಿದ್ದ ಛಾಯಾಗ್ರಹಣದಂಥ ವಿದ್ಯೆಯನ್ನೂ ಅಲ್ಲಿ ಪಠ್ಯವಾಗಿಸಲಾಯಿತು. ಮೈಸೂರಿನ ವಿ. ಕೆ. ಮೂರ್ತಿ ಅಲ್ಲಿ ಕ್ಯಾಮೆರಾ ಹಿಡಿಯುವುದನ್ನು ಕಲಿತು ಮುಂಬೈಗೆ ಹೋದರು; ಗುರುದತ್ತರ ಚಿತ್ರಗಳಿಗೆ ಬೆಳಕು ಕೊಟ್ಟು, 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಗೆ ಪಾತ್ರರಾದರು. ಚಿತ್ರ ನಿರ್ದೇಶಕ ಗೋವಿಂದ ನಿಹಲಾನಿ ಕಲಿತದ್ದೂ ಇಲ್ಲಿಯೇ. ಡಿಪ್ಲೊಮಾ ಎಂದರೆ ಬಿ.ಇ. ಸಿಗದವರ ಪಾಲು ಎಂಬ ಮಾತು ರೂಢಿಯಾಗುವ ಮೊದಲು ಒಂದು ಡಿಪ್ಲೊಮಾ ಹೀಗೂ ಇತ್ತು.

ಕಾರ್ಖಾನೆಯ ಬೆನ್ನಿಗೆ ಬಂದ ತರಬೇತಿ

ಕೇಂದ್ರ ಸರ್ಕಾರದ ಉದ್ಯೋಗ ಮತ್ತು ತರಬೇತಿ ಮಹಾನಿರ್ದೇಶನಾಲಯ 1945ರಲ್ಲಿ ಹುಟ್ಟಿದ್ದು ಯುದ್ಧ ಮುಗಿಸಿ ಬಂದ ಸಿಪಾಯಿಗಳಿಗೆ ಕೆಲಸ ಹುಡುಕಲು. 1950ರ ಕುಶಲಕರ್ಮಿ ತರಬೇತಿ ಯೋಜನೆ ಅದನ್ನು ನಾಗರಿಕರಿಗೂ ತೆರೆದು ಐಟಿಐಗಳ ಜಾಲಕ್ಕೆ ಅಡಿಪಾಯ ಹಾಕಿತು. 1961ರ ಅಪ್ರೆಂಟಿಸ್ ಕಾಯಿದೆ ಕಾರ್ಖಾನೆಗಳು ಕಲಿಯುವವರನ್ನು ಇಟ್ಟುಕೊಳ್ಳಲೇಬೇಕೆಂದಿತು. ಮಂಗಳೂರಿನ ಕದ್ರಿಯಲ್ಲಿ 1946ರಲ್ಲೇ ಕರ್ನಾಟಕ ಪಾಲಿಟೆಕ್ನಿಕ್ ಆರಂಭವಾಗಿತ್ತು. ಮುಂದಿನ ದಶಕಗಳಲ್ಲಿ ಜಿಲ್ಲಾ ಕೇಂದ್ರಗಳಿಗೆಲ್ಲ ಪಾಲಿಟೆಕ್ನಿಕ್ ಬಂದವು.

ಬೆಂಗಳೂರಿಗೆ ಹೊಸ ಜೀವ ಕೊಟ್ಟದ್ದು ಮಾತ್ರ ಕಾರ್ಖಾನೆಗಳು. 1940ರ ಎಚ್‌ಎಎಲ್, 1951ರ ಮೈಕೊ, 1953ರ ಎಚ್‌ಎಂಟಿ, 1954ರ ಬಿಇಎಲ್. ಆಡುಗೋಡಿಯ ಮೈಕೊ, ಈಗಿನ ಬಾಷ್, ತನ್ನದೇ ವೃತ್ತಿ ತರಬೇತಿ ಕೇಂದ್ರ ನಡೆಸಿತು. ಅಲ್ಲಿಯ ಹುಡುಗರು ರಾಷ್ಟ್ರಮಟ್ಟದ ಅಪ್ರೆಂಟಿಸ್ ಸ್ಪರ್ಧೆಗಳಲ್ಲಿ ಪದಕ ಗೆದ್ದು ತಂದರು. ಜಾಲಹಳ್ಳಿಯ ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗುವುದು ಎಷ್ಟೋ ಕುಟುಂಬಗಳಿಗೆ ಹಬ್ಬದ ಸುದ್ದಿಯಾಗಿತ್ತು. ಪೀಣ್ಯದ ಸಣ್ಣ ಕೈಗಾರಿಕೆಗಳನ್ನು ಕಟ್ಟಿದವರಲ್ಲಿ ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಪಳಗಿ ಹೊರಬಂದವರು ಬಹಳ. ಸರ್ಕಾರದ ಹೂಡಿಕೆ ಸಂಬಳದ ರೂಪದಲ್ಲಿ ಮರಳಿದ್ದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಹೀಗೆ ಕಲಿಕೆಯ ರೂಪದಲ್ಲಿ ಮರಳಿದ್ದನ್ನು ಯಾರೂ ಲೆಕ್ಕ ಹಾಕಲಿಲ್ಲ.

ಅಚ್ಚು ಮತ್ತು ಉಪಕರಣ ತಯಾರಿಕೆಯ ಎರಡು ಸಂಸ್ಥೆಗಳನ್ನು ಇಲ್ಲಿ ಹೆಸರಿಸಬೇಕು. ಕೇರಳದ ತಲಶ್ಶೇರಿ ಬಳಿಯ ನೆಟ್ಟೂರಿನಲ್ಲಿ 1959ರಲ್ಲಿ ಸ್ವಿಸ್ ನೆರವಿನಿಂದ ಶುರುವಾದ ಎನ್‌ಟಿಟಿಎಫ್ ಆಮೇಲೆ ಬೆಂಗಳೂರನ್ನು ಕೇಂದ್ರ ಮಾಡಿಕೊಂಡಿತು. ಡೆನ್ಮಾರ್ಕ್ ಸಹಕಾರದಿಂದ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿದೆ. ಅದು ಸರ್ಕಾರಿ ಸಂಸ್ಥೆಯಾದರೂ ಹೊರಗಿನ ಕಾರ್ಖಾನೆಗಳಿಂದ ಬೇಡಿಕೆ ಪಡೆದು ಅಚ್ಚುಗಳನ್ನು ಮಾಡಿಕೊಡುತ್ತದೆ. ವಿದ್ಯಾರ್ಥಿ ಮಾಡುವ ವಸ್ತುವಿಗೆ ಕಾಯುವ ಗಿರಾಕಿಯೊಬ್ಬ ಇದ್ದಾನೆ. ಡಿಪ್ಲೊಮಾದ ಕೊನೆಯ ವರ್ಷ ಕಾರ್ಖಾನೆಯಲ್ಲೇ ಕಳೆಯಬೇಕು. ಹೀಗೆ ಕಲಿತವರಿಗೆ ಉದ್ಯೋಗ ಮೇಳದ ಸರತಿಯಲ್ಲಿ ನಿಲ್ಲುವ ಪ್ರಮೇಯ ಕಡಿಮೆ. 2007ರಲ್ಲಿ ಬಿಡದಿಯಲ್ಲಿ ಶುರುವಾದ ಟೊಯೊಟಾ ತಾಂತ್ರಿಕ ತರಬೇತಿ ಸಂಸ್ಥೆಯೂ ಇದೇ ದಾರಿಯದು.

ಶಾಲೆಯೊಳಗೆ ಸೋತ ಕಥೆ

1937ರ ವಾರ್ಧಾ ಸಮಾವೇಶದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮ್ ಕೈಕಸುಬಿನ ಮೂಲಕವೇ ಎಲ್ಲ ವಿದ್ಯೆ ಎಂದಿತು. 1964–66ರ ಕೊಠಾರಿ ಆಯೋಗ ಪ್ರೌಢಶಿಕ್ಷಣಕ್ಕೆ ವೃತ್ತಿಯ ತಿರುವು ಬೇಕೆಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಮೇಲಿನ ಪ್ರೌಢ ಹಂತದ ಶೇ. 10ರಷ್ಟು ಮಕ್ಕಳು 1990ರೊಳಗೆ, ಶೇ. 25ರಷ್ಟು ಮಕ್ಕಳು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ಬರಬೇಕೆಂದು ಗುರಿ ಹಾಕಿತು. ಗುರಿಯ ಹತ್ತಿರಕ್ಕೂ ದೇಶ ಹೋಗಲಿಲ್ಲ.

ಕರ್ನಾಟಕ ಇದರಲ್ಲಿ ಮುಂದಿತ್ತು. ಎಪ್ಪತ್ತರ ದಶಕದ ಕೊನೆಯಲ್ಲೇ ಪಿಯುಸಿಗೆ ಸಮನಾದ ಎರಡು ವರ್ಷದ ಉದ್ಯೋಗಾಧಾರಿತ ಕೋರ್ಸುಗಳು, ಜೆಒಸಿ, ಇಲ್ಲಿ ಶುರುವಾದವು. ರೇಷ್ಮೆ, ಹೈನುಗಾರಿಕೆ, ಪ್ರಯೋಗಾಲಯ ತಂತ್ರ, ವಿದ್ಯುತ್ ದುರಸ್ತಿ, ಲೆಕ್ಕಪತ್ರ ಎಂದು ಹತ್ತಾರು ವಿಷಯಗಳಿದ್ದವು. ಪಾಠ ಮಾಡಿದವರಲ್ಲಿ ಹೆಚ್ಚಿನವರು ಅರೆಕಾಲಿಕ ಉಪನ್ಯಾಸಕರು. ಪಿಯು ಕಾಲೇಜಿನ ಮೂಲೆಯ ಒಂದು ಕೋಣೆಯೇ ಅವರ ಕಾರ್ಯಾಗಾರ. ಎರಡು ವರ್ಷ ಕಲಿತ ಮಕ್ಕಳಿಗೆ ಮುಂದೆ ಪದವಿಯ ದಾರಿ ಇಕ್ಕಟ್ಟು, ಕೆಲಸದ ದಾರಿ ಅಸ್ಪಷ್ಟ. ಮೂರು ದಶಕ ಕುಂಟುತ್ತಾ ನಡೆದ ಈ ಕೋರ್ಸುಗಳು ಕೊನೆಗೆ ಮುಚ್ಚಿದವು, 2011ರ ಕಾಯಿದೆಯೊಂದರ ಮೂಲಕ ಅರೆಕಾಲಿಕ ನೌಕರರನ್ನು ಬೇರೆ ಇಲಾಖೆಗಳಿಗೆ ವಿಲೀನ ಮಾಡಲಾಯಿತು. ರೇಷ್ಮೆ ಕಲಿಸುತ್ತಿದ್ದವರು ಗುಮಾಸ್ತೆಯ ಮೇಜಿಗೆ ಹೋದರು. ರಾಜ್ಯ ಶಿಕ್ಷಣದ ಚರಿತ್ರೆಯಲ್ಲಿ ಇದಕ್ಕಿಂತ ನೋವಿನ ಅಧ್ಯಾಯ ಹೆಚ್ಚು ಸಿಗದು. ಇದರ ವಿವರವಾದ ಆತ್ಮಶೋಧನೆ ನಡೆಯದೆ ಹೋದದ್ದು ಇನ್ನೂ ನೋವಿನ ಸಂಗತಿ.

ಈಗ ಪ್ರೌಢಶಾಲೆಗಳಲ್ಲಿ ಎನ್‌ಎಸ್‌ಕ್ಯೂಎಫ್, ಅಂದರೆ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಹೆಸರಿನ ವೃತ್ತಿ ವಿಷಯಗಳಿವೆ. ಆಟೊಮೊಬೈಲ್, ಆರೋಗ್ಯ ಸೇವೆ, ಮಾಹಿತಿ ತಂತ್ರಜ್ಞಾನ, ಸೌಂದರ್ಯ ಸೇವೆಗಳನ್ನು ತೃತೀಯ ಭಾಷೆಯ ಬದಲಿಗೆ ಆಯ್ದುಕೊಳ್ಳಬಹುದು. ಭಾಷೆ ಮತ್ತು ಕಸುಬು ಒಂದರ ಜಾಗಕ್ಕೆ ಇನ್ನೊಂದು ಪೈಪೋಟಿ ಮಾಡುವ ಈ ಏರ್ಪಾಡು ಸರಿಯಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 2025ರೊಳಗೆ ಅರ್ಧದಷ್ಟು ಕಲಿಯುವವರಿಗಾದರೂ ವೃತ್ತಿ ಶಿಕ್ಷಣದ ಪರಿಚಯ ಆಗಬೇಕೆಂದಿತ್ತು. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಅಂದಾಜನ್ನು ಅದೇ ನೀತಿ ಉಲ್ಲೇಖಿಸುತ್ತದೆ: 19ರಿಂದ 24 ವಯಸ್ಸಿನ ಭಾರತೀಯ ದುಡಿಯುವವರಲ್ಲಿ ವಿಧಿವತ್ತಾಗಿ ಕಸುಬು ಕಲಿತವರು ಶೇ. 5ಕ್ಕಿಂತ ಕಡಿಮೆ, ಜರ್ಮನಿಯಲ್ಲಿ ಶೇ. 75, ದಕ್ಷಿಣ ಕೊರಿಯಾದಲ್ಲಿ ಶೇ. 96. ಈ ಹೋಲಿಕೆಯನ್ನು ಎಚ್ಚರದಿಂದ ಓದಬೇಕು. ಜರ್ಮನಿಯ ಹುಡುಗ ವಾರದಲ್ಲಿ ಮೂರು ನಾಲ್ಕು ದಿನ ಕಂಪನಿಯಲ್ಲಿ ದುಡಿಯುತ್ತಾ ಉಳಿದ ದಿನ ಶಾಲೆಗೆ ಹೋಗುತ್ತಾನೆ. ಅವನ ಖರ್ಚಿನ ದೊಡ್ಡ ಪಾಲು ಕಂಪನಿಯದು. ಮಾಲೀಕರ ಈ ಹೊಣೆಯನ್ನು ಬಿಟ್ಟು ಶೇಕಡಾವಾರನ್ನು ಮಾತ್ರ ಆಮದು ಮಾಡಿಕೊಳ್ಳಲು ಬರುವುದಿಲ್ಲ.

ಉಜಿರೆಯ ಮಾದರಿ

ಅಲ್ಪಾವಧಿ ತರಬೇತಿ ಎಂದೊಡನೆ ಅನುಮಾನದಿಂದ ನೋಡುವವರು ಉಜಿರೆಯ ರುಡ್‌ಸೆಟ್ ಸಂಸ್ಥೆಯನ್ನು ಗಮನಿಸಬೇಕು. ಧರ್ಮಸ್ಥಳದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆಗೂಡಿ 1982ರಲ್ಲಿ ಅದು ಆರಂಭವಾಯಿತು. ಊಟ, ವಸತಿ ಸಹಿತ ಉಚಿತ ತರಬೇತಿ. ಅವಧಿ ಕೆಲವೇ ವಾರ. ಬೆಳಿಗ್ಗೆ ಶ್ರಮದಾನ, ಹಗಲು ಮೊಬೈಲ್ ರಿಪೇರಿಯೋ ಹೊಲಿಗೆಯೋ ಜೇನು ಸಾಕಣೆಯೋ, ಜೊತೆಗೆ ಲೆಕ್ಕ ಬರೆಯುವುದು, ಗಿರಾಕಿಯೊಡನೆ ಮಾತಾಡುವುದು. ಇದರ ಗುಟ್ಟು ತರಬೇತಿ ಮುಗಿದ ಮೇಲಿನ ಎರಡು ವರ್ಷದಲ್ಲಿದೆ. ಸಂಸ್ಥೆಯವರು ಕಲಿತವರ ಬೆನ್ನು ಬಿಡುವುದಿಲ್ಲ. ಅಂಗಡಿ ತೆರೆದನೆ, ಸಾಲ ಸಿಕ್ಕಿತೆ, ಎಲ್ಲಿ ಎಡವಿದ ಎಂದು ವಿಚಾರಿಸುತ್ತಾರೆ. ಬ್ಯಾಂಕು ಸಂಸ್ಥೆಯ ಒಳಗೇ ಇರುವುದರಿಂದ ಸಾಲದ ಬಾಗಿಲೂ ತೆರೆದಿರುತ್ತದೆ. 2009ರ ನಂತರ ಕೇಂದ್ರ ಸರ್ಕಾರ ಇದನ್ನೇ ಮಾದರಿಯಾಗಿಟ್ಟು ದೇಶದ ಜಿಲ್ಲೆಗಳಲ್ಲೆಲ್ಲ ಆರ್‌ಸೆಟಿಗಳನ್ನು, ಅಂದರೆ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳನ್ನು, ತೆರೆಸಿತು.

2015ರ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆ, 2017ರ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆಗಳಲ್ಲೂ ಅವಧಿ ಚಿಕ್ಕದೇ. ಅಲ್ಲಿ ಹಣ ಹರಿಯುವುದು ತರಬೇತಿ ಪಡೆದವರ ತಲೆ ಎಣಿಸಿ. ಪ್ರಮಾಣಪತ್ರ ಕೈಗೆ ಬಂದ ಮೇಲಿನ ನಂಟು ತೆಳು. ಒಂದೇ ಉದ್ದದ ಎರಡು ಕೋರ್ಸುಗಳ ಫಲ ಬೇರೆಬೇರೆಯಾಗುವುದು ಇದರಿಂದ.

ಇಂದಿನ ಸ್ಥಿತಿ

ದೇಶದಲ್ಲಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಐಟಿಐಗಳಿವೆ, ಅವುಗಳಲ್ಲಿ ಬಹುಪಾಲು ಖಾಸಗಿ. ಕರ್ನಾಟಕದಲ್ಲಿ ಸರ್ಕಾರಿ ಐಟಿಐಗಳೇ ಇನ್ನೂರೈವತ್ತಕ್ಕೂ ಹೆಚ್ಚು. ಟಾಟಾ ಟೆಕ್ನಾಲಜೀಸ್ ಮತ್ತಿತರ ಉದ್ಯಮಗಳ ಸಹಭಾಗಿತ್ವದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ ತಂತ್ರಜ್ಞಾನ ಕೇಂದ್ರಗಳಾಗಿ ಮಾಡಲಾಗಿದೆ. ಸುಮಾರು 4,700 ಕೋಟಿ ರೂಪಾಯಿಯ ಈ ಯೋಜನೆಯನ್ನು 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಸಿಎನ್‌ಸಿ ಯಂತ್ರ, ರೋಬೋ ತೋಳು, ಲೇಸರ್ ಕಟ್ಟರ್, ಎಲೆಕ್ಟ್ರಿಕ್ ವಾಹನದ ಬಿಡಿಭಾಗಗಳು ತಾಲ್ಲೂಕು ಕೇಂದ್ರಗಳಿಗೂ ಬಂದಿವೆ. ಇದು ದೊಡ್ಡ ಹೆಜ್ಜೆ. ಯಂತ್ರ ಬಂದಷ್ಟು ಬೇಗ ಅದನ್ನು ಬಲ್ಲ ಬೋಧಕರು ಬರುವುದಿಲ್ಲ ಎಂಬುದೂ ನಿಜ. ಖಾಲಿ ಹುದ್ದೆಗಳಿಗೆ ಅತಿಥಿ ಬೋಧಕರನ್ನು ಹಾಕಿಕೊಂಡು ವರ್ಷ ದೂಡುವ ಅಭ್ಯಾಸ ಹಳೆಯದು. ಅತಿಥಿಯಾಗಿ ಬಂದವರಿಗೆ ಮುಂದಿನ ವರ್ಷದ ಖಾತರಿಯಿಲ್ಲ, ಆದ್ದರಿಂದ ಹೊಸ ಯಂತ್ರವನ್ನು ಆಳವಾಗಿ ಕಲಿಯಲು ಕಾರಣವೂ ಇಲ್ಲ.

ಹೆಣ್ಣುಮಕ್ಕಳಿಗೆಂದು ಮಹಿಳಾ ಐಟಿಐ, ಮಹಿಳಾ ಪಾಲಿಟೆಕ್ನಿಕ್‌ಗಳಿದ್ದರೂ ಹೊಲಿಗೆ, ಕಂಪ್ಯೂಟರಿನಾಚೆಗೆ ಅವರನ್ನು ಕರೆದೊಯ್ಯುವ ಪ್ರಯತ್ನ ಸಾಲದು. ನರಸಾಪುರ, ದೇವನಹಳ್ಳಿಯ ಮೊಬೈಲ್ ಜೋಡಣೆಯ ಕಾರ್ಖಾನೆಗಳ ಸಾಲಿನಲ್ಲಿ ನಿಂತಿರುವವರಲ್ಲಿ ಬಹಳಷ್ಟು ಯುವತಿಯರೇ. ಆ ಸಾಲಿನ ಕೆಲಸಕ್ಕೆ ಕೆಲವು ವಾರದ ಪಳಗುವಿಕೆ ಸಾಕು. ಸಾಲನ್ನು ನಡೆಸುವ, ಯಂತ್ರ ಕೆಟ್ಟರೆ ಬಿಚ್ಚುವ ಕೆಲಸಕ್ಕೆ ಮೆಕಟ್ರಾನಿಕ್ಸ್ ಬೇಕು. ಆ ತರಗತಿಯಲ್ಲಿ ಹುಡುಗಿಯರನ್ನು ಕೂರಿಸದೆ ಹೋದರೆ ಅವರು ಸಾಲಿನಲ್ಲೇ ಉಳಿಯುತ್ತಾರೆ.

ಭಾಷೆಯದೂ ಒಂದು ತೊಡಕು. ಅರ, ಉಳಿ, ಬಾಚಿ, ಬೈರಿಗೆ, ಗರಗಸ, ಚಿಮ್ಮಟ ಎಂಬ ಮಾತುಗಳನ್ನು ಹುಟ್ಟಿನಿಂದ ಬಲ್ಲ ಹುಡುಗ ಕಾರ್ಯಾಗಾರಕ್ಕೆ ಬಂದೊಡನೆ ಫೈಲ್, ಚಿಸೆಲ್, ಡ್ರಿಲ್ ಎನ್ನಬೇಕು. ಅದು ತಪ್ಪಲ್ಲ, ಕೆಲಸಕ್ಕೆ ಆ ಮಾತುಗಳೂ ಬೇಕು. ಆದರೆ ಲೋಹ ಏಕೆ ಹದಗೊಳ್ಳುತ್ತದೆ, ಕರೆಂಟು ಏಕೆ ಸೋರುತ್ತದೆ ಎಂಬ ವಿವರಣೆ ಕನ್ನಡದಲ್ಲಿ ಆಗದಿದ್ದರೆ ಹೆಸರು ಮಾತ್ರ ಬಾಯಿಗೆ ಬರುತ್ತದೆ, ಅರ್ಥ ಬರುವುದಿಲ್ಲ. ಚೆನ್ನೈನ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ ಐಟಿಐ ಪುಸ್ತಕಗಳನ್ನು ಕನ್ನಡದಲ್ಲೂ ತರುತ್ತಿದೆ. ಅವನ್ನು ಪದಕ್ಕೆ ಪದ ತಿರುಗಿಸುವ ಬದಲು ಕಾರ್ಯಾಗಾರದಲ್ಲಿ ಬೋಧಕರು ಆಡುವ ಕನ್ನಡದಲ್ಲೇ ಬರೆಸಿದರೆ ಓದುವ ಮಕ್ಕಳು ಹೆಚ್ಚುತ್ತಾರೆ.

ಮುಂದಿನ ದಾರಿ

ಸಾವಿರ ಸರ್ಕಾರಿ ಐಟಿಐಗಳನ್ನು ಕೇಂದ್ರ ಮತ್ತು ಶಾಖೆಗಳ ರೀತಿಯಲ್ಲಿ ಜೋಡಿಸಿ, ಆಡಳಿತದಲ್ಲಿ ಉದ್ಯಮಗಳಿಗೂ ಪಾಲು ಕೊಟ್ಟು ಸುಧಾರಿಸುವ 60,000 ಕೋಟಿ ರೂಪಾಯಿಯ ಯೋಜನೆಗೆ 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅದು ಪಿಎಂ-ಸೇತು ಹೆಸರಿನಲ್ಲಿ ಆರಂಭವಾಯಿತು. ಮೂವತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿ ಬಲದ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮ 2019ರಿಂದ ಇದೆ. ಇವೆರಡೂ ನಿಜವಾಗಿ ಒಂದಕ್ಕೊಂದು ಕೂಡಿಕೊಂಡರೆ ಬಾಸೆಲ್ ಮಿಷನ್ ಮತ್ತು ಮೈಕೊ ಕಂಡುಕೊಂಡ ದಾರಿಗೇ ನಾವು ಮರಳಿದಂತೆ. ಅಪ್ರೆಂಟಿಸ್‌ನನ್ನು ಅಗ್ಗದ ಕೂಲಿಯಾಗಿ ಬಳಸುವ ಅಪಾಯವೂ ಇದೆ. ಏನು ಕಲಿತ ಎಂದು ಹೊರಗಿನವರು ಬಂದು ಪರೀಕ್ಷಿಸುವ ಏರ್ಪಾಡು ಗಟ್ಟಿಯಾಗಬೇಕು.

ಹೊಸ ಉದ್ಯಮ ಬಂದ ಊರಿಗೆ ಹೊಸ ಕಸುಬು ತಾನಾಗಿ ಬರುವುದಿಲ್ಲ ಎಂಬುದಕ್ಕೆ ಪಾವಗಡ ಸಾಕ್ಷಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಉದ್ಯಾನ ಅಲ್ಲಿ ಎದ್ದು ನಿಂತಿದೆ. ಜಮೀನನ್ನು ಗುತ್ತಿಗೆಗೆ ಕೊಟ್ಟ ಐದು ಹಳ್ಳಿಗಳ ಜನರಿಗೆ ಹೆಚ್ಚಾಗಿ ಸಿಕ್ಕಿದ್ದು ಕಾವಲು ಕಾಯುವ, ಹುಲ್ಲು ಕೀಳುವ, ಫಲಕ ತೊಳೆಯುವ ಕೆಲಸ. ಉದ್ಯಾನದ ನೀಲನಕ್ಷೆ ಬರೆಯುವಾಗಲೇ ಪಕ್ಕದ ಐಟಿಐಯಲ್ಲಿ ಇನ್ವರ್ಟರ್ ದುರಸ್ತಿಯ ಟ್ರೇಡು ತೆರೆದಿದ್ದರೆ ಎರಡು ವರ್ಷದಲ್ಲಿ ಅದೇ ಹಳ್ಳಿಗಳ ಹುಡುಗರು ಒಳಗಿನ ಕೋಣೆಗೆ ಹೋಗಬಹುದಿತ್ತು.

ಇನ್ನು ಉಳಿದದ್ದು ಯಾವ ಸಂಸ್ಥೆಗೂ ಸೇರದೆ ಕಲಿತವರ ಪ್ರಶ್ನೆ. ಯಾವುದೇ ಹೋಬಳಿ ಕೇಂದ್ರದಲ್ಲಿ ಒಂದು ಮೋಟಾರು ರೀವೈಂಡಿಂಗ್ ಅಂಗಡಿ ಇರುತ್ತದೆ. ಬೇಸಿಗೆಯಲ್ಲಿ ವೋಲ್ಟೇಜು ಇಳಿದು ಪಂಪುಸೆಟ್ಟುಗಳು ಸುಟ್ಟಾಗ ರೈತರು ಬಂದು ನಿಲ್ಲುವುದು ಅಲ್ಲಿ. ಇಪ್ಪತ್ತೈದರ ಹರೆಯದ ಯುವಕ ಸುಟ್ಟ ತಂತಿಯನ್ನು ಕಿತ್ತು, ಸುತ್ತುಗಳನ್ನು ಎಣಿಸಿ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ, ಗೇಜು ನೋಡಿ ಹೊಸ ತಾಮ್ರದ ತಂತಿ ಆರಿಸುತ್ತಾನೆ, ಸ್ಲಾಟಿಗೆ ಇನ್ಸುಲೇಷನ್ ಕಾಗದ ಮಡಿಸಿ ಸೇರಿಸುತ್ತಾನೆ, ಸುರುಳಿ ಕೂರಿಸಿ ವಾರ್ನಿಷ್ ಹಾಕುತ್ತಾನೆ. ಹನ್ನೆರಡು ವರ್ಷದ ಹಿಂದೆ ಏಳನೇ ತರಗತಿಗೆ ಶಾಲೆ ಬಿಟ್ಟು ಇಲ್ಲಿ ಚಹಾ ತರುವ ಹುಡುಗನಾಗಿ ಸೇರಿದವನು ಈಗ ಊರಿನ ನೀರು ನಿಲ್ಲದಂತೆ ನೋಡಿಕೊಳ್ಳುತ್ತಿದ್ದಾನೆ. ಹಿಂದಿನ ಕಲಿಕೆಗೆ ಮನ್ನಣೆ ಕೊಡುವ ವ್ಯವಸ್ಥೆ ಕಾಗದದಲ್ಲಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಅನುಭವಕ್ಕೂ ಕ್ರೆಡಿಟ್ ಕೊಡಬಹುದೆನ್ನುತ್ತದೆ. ಅದು ಅವನವರೆಗೆ ತಲುಪಬೇಕಾದರೆ ಪರೀಕ್ಷಕರು ಅಂಗಡಿಗೇ ಬರಬೇಕು, ಸುಟ್ಟ ಮೋಟಾರೊಂದನ್ನು ಮುಂದಿಟ್ಟು ಸುತ್ತಿಸಬೇಕು, ಬಲ್ಬು ಹಚ್ಚಿ ಪರೀಕ್ಷಿಸಿ ಸ್ವಿಚ್ಚು ಒತ್ತಿಸಬೇಕು. ಮೋಟಾರು ತಿರುಗಿದರೆ ಅವನ ಹೆಸರು ಪಾಲಿಟೆಕ್ನಿಕ್ಕಿನ ಸಂಜೆ ತರಗತಿಯ ಹಾಜರಿ ಪುಸ್ತಕಕ್ಕೆ ಹೋಗಬೇಕು.